ಮೆಂತೆ ತಪ್ಪಲು ಬೆರೆತ ಪಾಸ್ತಾ

ದಕ್ಷಿಣ ಇಟಲಿಯ ಪುಲಿಯಾ ಪ್ರಾಂತದಲ್ಲಿ, ಪುಟ್ಟ ಕಿವಿಯ ಆಕಾರದ ಪಾಸ್ತಾವನ್ನು ಸಾಸಿವೆಯ ಕುಟುಂಬಕ್ಕೆ ಸೇರಿದ ತುಸು ಕಹಿಯ ಸೊಪ್ಪಿನೊಡನೆ ಬೇಯಿಸುವ ಪದ್ಧತಿ ಇದೆ. ಅದಕ್ಕೆ ಸಾಸೇಜ್ ಸೇರಿಸುವವರೂ ಉಂಟು. ಆ ಕಹಿಗೆ ನಮ್ಮ ಕಲಬುರಗಿಯ ಸಂತೆಯಲ್ಲಿ ದೊರೆಯುವ ಮೆಂತೆ ತಪ್ಪಲೇ ಅತ್ಯಂತ ಸಮೀಪದ್ದೆಂಬುದು ನನ್ನ ಅಭಿಪ್ರಾಯ. ಒಮ್ಮೆ ಪುಂಡಿ ಪಲ್ಲೆಯನ್ನೂ ಹಾಕಿ ನೋಡಿದೆ. ಅದರ ಹುಳಿ ಜೋಳದ ರೊಟ್ಟಿಗೆ ಒಪ್ಪಿದಂತೆ ಪಾಸ್ತಾಕ್ಕೆ ಒಪ್ಪಲಿಲ್ಲ.

ಇಬ್ಬರಿಗೆ 200 ಗ್ರಾಂ ಪಾಸ್ತಾ ಸಾಕು. ಅದಕ್ಕೆ 2 ಲೀಟರ್ ನೀರು ಹಾಗೂ ಸುಮಾರು 20 ಗ್ರಾಂ ಉಪ್ಪು ಬೇಕು. ನೀರು ಕಾಯುವಷ್ಟರಲ್ಲಿ ಕೋಳಿ ಮಾಂಸದ ಸಾಸೇಜನ್ನು ಬಿಲ್ಲೆಗಳಾಗಿ ಕೊಯ್ದು, ಕುಸುಬಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಅಂಚು ಕೆಂಪಾಗುವವರೆಗೆ ಹುರಿಯುತ್ತೇನೆ. ಜಜ್ಜಿದ ಬೆಳ್ಳುಳ್ಳಿ ಮತ್ತು ಮುರಿದ ಒಣಮೆಣಸಿನಕಾಯಿ ಅದರ ನಂತರವೇ ಬೀಳಬೇಕು, ಏಕೆಂದರೆ ಬೆಳ್ಳುಳ್ಳಿ ಸೀದರೆ ಮೆಂತೆಯ ಹಿತವಾದ ಕಹಿಯೂ ಕೆಟ್ಟಂತೆ ತೋರುತ್ತದೆ.

ಈ ಅಡುಗೆಯ ಜೀವ ಇರುವುದು ಪಾಸ್ತಾ ಬೆಂದ ನೀರಿನಲ್ಲಿ. ಅದರಲ್ಲಿ ಕರಗಿದ ಗೋಧಿಯ ಪಿಷ್ಟವು ಎಣ್ಣೆಯನ್ನೂ ನೀರನ್ನೂ ಒಂದುಗೂಡಿಸಿ, ಪ್ರತಿ ತುಂಡಿಗೂ ಅಂಟಿಕೊಳ್ಳುವ ತೆಳುವಾದ ಗೊಜ್ಜನ್ನು ಉಂಟುಮಾಡುತ್ತದೆ. ಆದ್ದರಿಂದ ಬಸಿಯುವ ಮುನ್ನ ಒಂದು ಬಟ್ಟಲು ನೀರನ್ನು ತಪ್ಪದೆ ತೆಗೆದಿಡುತ್ತೇನೆ. ಪಾಸ್ತಾ ಇನ್ನೂ ತುಸು ಗಟ್ಟಿ ಇರುವಾಗಲೇ ಬಾಣಲೆಗೆ ಹಾಕಿ, ಹೆಚ್ಚಿದ ಮೆಂತೆ ತಪ್ಪಲನ್ನೂ ಆ ನೀರನ್ನೂ ಸೇರಿಸಿ, ಎರಡು ನಿಮಿಷ ಜೋರು ಉರಿಯಲ್ಲಿ ಕೈಯಾಡಿಸಿದರೆ ತಪ್ಪಲು ಬಾಡಿದರೂ ಹಸಿರಾಗಿಯೇ ಉಳಿಯುತ್ತದೆ. ಮನೆಯಲ್ಲಿ ಅಮ್ಮ ಮಾತ್ರ ತನ್ನ ತಟ್ಟೆಯ ಮೇಲೆ ಚಿಟಿಕೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಉದುರಿಸಿಕೊಳ್ಳುತ್ತಾಳೆ. ಈಗ ನಾನೂ ಹಾಗೆಯೇ ಉಣ್ಣುತ್ತೇನೆ.