ಭೂಗೋಳದ ಮೇಷ್ಟ್ರು ಮತ್ತು ಯಾಗಾನರ ಐದು ಬೆಂಚು

ನಮ್ಮ ಭೂಗೋಳದ ಮೇಷ್ಟ್ರು ಈ ಮಳೆಗಾಲದಲ್ಲಿ ತೀರಿಕೊಂಡರು. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ಅವರನ್ನು ಬಿಟ್ಟು ಬೇರೆ ವಿಷಯ ನನಗೆ ಹೊಳೆಯಲಿಲ್ಲ. ಒಂಬತ್ತನೇ ಕ್ಲಾಸಿನ ಪಾಠಪುಸ್ತಕದಲ್ಲಿ ಏನಿತ್ತೋ ಈಗ ಮರೆತಿದೆ. ಆದರೆ ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ ಯಾಗಾನ್ ಎಂಬ ಭಾಷೆ ಇತ್ತು, ಅದಕ್ಕೆ ಐದು ಒಳನುಡಿಗಳಿದ್ದವು ಎಂಬುದು ಮಾತ್ರ ಪಕ್ಕಾ ನೆನಪಿದೆ. ಅದು ಯಾವ ಪರೀಕ್ಷೆಗೂ ಇರಲಿಲ್ಲ.

ಎಲ್ಲ ಶುರುವಾದದ್ದು ನಮ್ಮ ಕಿತಾಪತಿಯಿಂದ. 1986ರ ಸುಮಾರಿನ ಮಾತು. ಗಂಗೊಳ್ಳಿಯಿಂದ ಬರುತ್ತಿದ್ದ ಗೆಳೆಯನೂ ನಾನೂ ಸೇರಿ, ಮಧ್ಯಾಹ್ನದ ಬೆಲ್ ಹೊಡೆಯುವ ಮುಂಚೆ ಗೋಡೆಯ ಪ್ರಪಂಚದ ಮ್ಯಾಪನ್ನು ತಲೆಕೆಳಗು ಮಾಡಿ ನೇತುಹಾಕಿದೆವು. ಇವತ್ತು ಬೆತ್ತ ಗ್ಯಾರಂಟಿ ಎಂದು ಇಡೀ ಕ್ಲಾಸು ಕಾಯುತ್ತಿತ್ತು. ಮೇಷ್ಟ್ರು ಬಂದರು. ಕನ್ನಡಕ ಒರೆಸಿಕೊಂಡು ಮ್ಯಾಪ್ ನೋಡಿದರು. "ಒಳ್ಳೇದಾಯ್ತು ಮಾರಾಯ್ರೇ, ಯಾವಾಗ್ಲೂ ಕೆಳಗೆ ಬಿದ್ದಿರೋರು ಇವತ್ತು ಮೇಲೆ ಬಂದ್ರು" ಅಂದರು. ಬೆತ್ತ ಎತ್ತಿದ್ದು ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊ ದ್ವೀಪಗಳನ್ನು, ಯಾಗಾನರ ನಾಡನ್ನು, ತೋರಿಸಲಿಕ್ಕೆ. ಮ್ಯಾಪನ್ನು ಸರಿ ಮಾಡಲೇ ಇಲ್ಲ. ಆ ವಾರವೆಲ್ಲ ಪಾಠ ಅಲ್ಲಿಂದಲೇ ನಡೆಯಿತು.

ಅವರ ಹತ್ತಿರ ಒಂದು ಹಳೆಯ ಇಂಗ್ಲಿಷ್ ಪುಸ್ತಕವಿತ್ತು. ಅಲ್ಲಿನ ಉಶುವಾಯಾ ಎಂಬ ಊರಲ್ಲಿ ಹುಟ್ಟಿ ಬೆಳೆದ ಲೂಕಸ್ ಬ್ರಿಜಸ್ 1948ರಲ್ಲಿ ಪ್ರಕಟಿಸಿದ್ದು. ಅದರಿಂದ ಓದಿ, ಕನ್ನಡದಲ್ಲಿ ಹೇಳುತ್ತಿದ್ದರು. ಯಾಗಾನರು ಮರದ ತೊಗಟೆಯ ದೋಣಿಯಲ್ಲೇ ಬಾಳಿದವರು. ದೋಣಿಯೊಳಗೇ ಬೆಂಕಿ ಇರುತ್ತಿತ್ತು. "ದೋಣಿ ಸುಟ್ಟು ಹೋಗೂದಿಲ್ವಾ ಸಾರ್?" ಎಂದು ಗಂಗೊಳ್ಳಿಯವನು ತಕ್ಷಣ ಕೇಳಿದ. ಅವನ ಮನೆಯಲ್ಲಿ ದೋಣಿ ಇತ್ತು, ಅವನಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು! ದೋಣಿಯ ತಳದಲ್ಲಿ ಮರಳು, ಚಿಪ್ಪು, ಹುಲ್ಲುಮಣ್ಣು ಹಾಸಿ ಅದರ ಮೇಲೆ ಬೆಂಕಿ ಇಡುತ್ತಿದ್ದರಂತೆ. ಹುಟ್ಟು ಹಾಕುವವರು ಹೆಂಗಸರು. ಆ ಮಂಜಿನಂಥ ನೀರಿಗೆ ಧುಮುಕಿ ಚಿಪ್ಪುಮೀನು ತರುವವರೂ ಅವರೇ.

ಡಾರ್ವಿನ್ ಹೆಸರು ಬಂದಾಗ ಮಾತ್ರ ಮೇಷ್ಟ್ರ ಮುಖ ಕೆಂಪಾಯಿತು. 1832ರಲ್ಲಿ ಬೀಗಲ್ ಹಡಗಿನಲ್ಲಿ ಆ ಕಡೆಗೆ ಹೋದ ಡಾರ್ವಿನ್, ಅಲ್ಲಿನವರ ನುಡಿಯನ್ನು ಮಾತು ಎನ್ನುವುದೇ ಕಷ್ಟ ಎಂಬ ಅರ್ಥದಲ್ಲಿ ಬರೆದ. ಅದು ಗಂಟಲು ಸರಿಮಾಡಿಕೊಂಡ ಹಾಗಿದೆ ಎಂದು ಕ್ಯಾಪ್ಟನ್ ಕುಕ್ ಮೊದಲೇ ಹೇಳಿದ್ದ. ಇನ್ನು ಕೆಲವೇ ದಶಕಗಳಲ್ಲಿ ಥಾಮಸ್ ಬ್ರಿಜಸ್ ಎಂಬ ಮಿಷನರಿ, ಅಂದರೆ ಲೂಕಸನ ಅಪ್ಪ, ಯಾಗಾನರ ನಡುವೆ ಕೂತು ಸುಮಾರು 32,000 ಪದಗಳ ನಿಘಂಟು ಬರೆದ. ಅವನು ಫಾಕ್‌ಲ್ಯಾಂಡ್‌ನ ಕೆಪೆಲ್ ದ್ವೀಪಕ್ಕೆ ಬಂದಾಗ ಇನ್ನೂ ನಮ್ಮ ಪ್ರಾಯದ ಹುಡುಗ. ಅಲ್ಲಿಗೆ ಬಂದಿದ್ದ ಯಾಗಾನರಿಂದಲೇ ಮಾತು ಕಲಿತ. "ಒಬ್ಬ ಹಡಗಿನಿಂದ ಕೇಳಿದ, ಇನ್ನೊಬ್ಬ ಪಕ್ಕದಲ್ಲಿ ಕೂತು ಕೇಳಿದ, ಅಷ್ಟೇ ವ್ಯತ್ಯಾಸ" ಎಂದರು ಮೇಷ್ಟ್ರು.

ಆ ನಿಘಂಟಿನ ಕಥೆಯನ್ನು ಅವರು ಪತ್ತೇದಾರಿ ಕಥೆಯ ಹಾಗೆ ಹೇಳಿದ್ದರು. 1898ರಲ್ಲಿ ಬ್ರಿಜಸ್ ತೀರಿಕೊಂಡ ಮೇಲೆ, ಅಚ್ಚು ಹಾಕಿಸುತ್ತೇನೆ ಎಂದು ಫ್ರೆಡರಿಕ್ ಕುಕ್ ಎಂಬ ಅಮೆರಿಕದ ವೈದ್ಯ ಹಸ್ತಪ್ರತಿ ತೆಗೆದುಕೊಂಡು ಹೋದ. ಅದು ಎಲ್ಲೆಲ್ಲೋ ಸುತ್ತಿ, ಕೊನೆಗೆ 1933ರಲ್ಲಿ ಆಸ್ಟ್ರಿಯಾದಲ್ಲಿ ಅಚ್ಚಾಯಿತು. ಇದನ್ನು ಹೇಳಿ ಮುಗಿಸಿ, ನಮ್ಮನ್ನು ಲೈಬ್ರರಿಗೆ ಕರೆದುಕೊಂಡು ಹೋಗಿ ಕಿಟೆಲ್ ಕನ್ನಡ ನಿಘಂಟನ್ನು ಮುಟ್ಟಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಅದೇ ಕಾಲ, ಅದೇ ಥರದ ಕೆಲಸ. ನಮ್ಮ ನಿಘಂಟು ಬಂದಾಗ ಕನ್ನಡ ಆಡುವವರು ಲಕ್ಷಗಟ್ಟಲೆ ಇದ್ದರು. ಯಾಗಾನ್ ನಿಘಂಟು ಅಚ್ಚಾಗುವ ಹೊತ್ತಿಗೆ ಆ ಮಾತು ಆಡುವವರೇ ಮುಗಿಯುತ್ತ ಬಂದಿದ್ದರು.

ಮರುದಿನದ ಪಾಠವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಒಂದೊಂದು ಒಳನುಡಿಗೆ ಒಂದರಂತೆ ಐದು ಬೆಂಚು ಎಳೆದು ಹಾಕಿಸಿದರು. ನಡುವಿನ ಬೆಂಚು ಬೀಗಲ್ ಜಲಸಂಧಿ ಮತ್ತು ವುಲಾಯಾ ಕೊಲ್ಲಿಯ ಕಡೆಯವರು. ಒಂದು ಪೂರ್ವದ್ದು, ಒಂದು ಪಶ್ಚಿಮದ್ದು, ಒಂದು ನೈರುತ್ಯದ್ದು. ಕೊನೆಯದು ಕೇಪ್ ಹಾರ್ನ್ ದ್ವೀಪಗಳವರದು. ಈ ಗುಂಪುಗಳಿಗೆ ವಕಿಮಾಲ, ಉಟಮಾಲ, ಇನಲುಮಾಲ, ಇಲಲುಮಾಲ, ಯೆಸ್ಕುಮಾಲ ಎಂಬ ಹೆಸರುಗಳಿದ್ದವು ಎಂದು ನಾನು ದೊಡ್ಡವನಾದ ಮೇಲೆ ಹುಡುಕಿ ಓದಿದೆ. 1918ರಿಂದ 1924ರ ನಡುವೆ ಅಲ್ಲಿಗೆ ಹೋಗಿ ಬಂದ ಮಾರ್ಟಿನ್ ಗುಸಿಂಡೆ ಎಂಬ ಪಾದ್ರಿ ಇದನ್ನೆಲ್ಲ ಬರೆದಿಟ್ಟ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು. ನಮ್ಮ ಕ್ಲಾಸಿನಲ್ಲೂ ಹಾಗೇ ಅಲ್ವಾ? ನಾವು 'ಹೋಯ್ಕ್, ಬರ್ಕ್' ಅನ್ನುತ್ತಿದ್ದೆವು. ಅಪ್ಪನಿಗೆ ವರ್ಗವಾಗಿ ಧಾರವಾಡದಿಂದ ಬಂದವನು 'ಹೋಗಬೇಕ್ರಿ' ಅನ್ನುತ್ತಿದ್ದ. ಶಿರಸಿಯ ಹವ್ಯಕರ ಹುಡುಗಿಯದು ಇನ್ನೊಂದು ರಾಗ. ಮೇಷ್ಟ್ರು ನಮ್ಮ ಯಾರ ಮನೆಮಾತನ್ನೂ ತಿದ್ದಿದವರಲ್ಲ.

ಆಮೇಲೆ ಮೇಷ್ಟ್ರು ಇಸವಿ ಹೇಳುತ್ತ ಹೋದರು. 19ನೇ ಶತಮಾನದ ನಡುವಿನಲ್ಲಿ ಸುಮಾರು 3,000 ಜನ. 1884ರಲ್ಲಿ ಅರ್ಜೆಂಟೀನಾದ ಹಡಗುಗಳು ಉಶುವಾಯಾಕ್ಕೆ ಬಂದವು, ಹಿಂದೆಯೇ ದಡಾರ ಹರಡಿತು. "ಈ ಬೆಂಚಿನವರು ಏಳಿ, ಗೋಡೆಗೆ ನಿಲ್ಲಿ." 1886ರ ಹೊತ್ತಿಗೆ ಸುಮಾರು 400. "ನೀವೂ ಏಳಿ." ಉಳಿದವರನ್ನು ಒಂದೇ ಬೆಂಚಿಗೆ ಕೂರಿಸಿದರು. ಬೇರೆ ಬೇರೆ ದ್ವೀಪದವರು ಒಂದೇ ಕಡೆ ಸೇರಿ ಬದುಕಬೇಕಾಯಿತು, ಹಾಗಾಗಿ ಭಾಷೆಗಿಂತ ಮುಂಚೆ ಅದರ ಒಳನುಡಿಗಳು ಕಳೆದುಹೋದವು ಎಂದರು. ಬೆಂಚು ಎಳೆಯುವ ಸದ್ದಿಗೆ ಪಿಟಿ ಮೇಷ್ಟ್ರು ವಿಸಿಲ್ ಊದುತ್ತ ಓಡಿ ಬಂದರು. ವಿಷಯ ಕೇಳಿ ತಾವೂ ಗೋಡೆಗೆ ಒರಗಿ ನಿಂತು ಪಾಠ ಕೇಳಿದರು. ಅವರೂ ದೊಡ್ಡ ಮನುಷ್ಯರು.

2022ರ ಫೆಬ್ರವರಿ 16ರಂದು ಚಿಲಿಯಲ್ಲಿ ಕ್ರಿಸ್ಟಿನಾ ಕಾಲ್ಡೆರಾನ್ ಎಂಬ ಅಜ್ಜಿ ತಮ್ಮ 93ನೇ ವಯಸ್ಸಿನಲ್ಲಿ ತೀರಿಕೊಂಡರು. ಯಾಗಾನನ್ನು ಹುಟ್ಟುಮಾತಾಗಿ ಆಡುತ್ತಿದ್ದ ಕೊನೆಯವರು. ನವರಿನೊ ದ್ವೀಪದ ಉಕಿಕಾ ಎಂಬ ಹಳ್ಳಿಯಲ್ಲಿ ಜೊಂಡಿನ ಬುಟ್ಟಿ ಹೆಣೆಯುತ್ತಿದ್ದರು. ಅಕ್ಕ ಉರ್ಸುಲಾ 2003ರಲ್ಲಿ, ನಾದಿನಿ ಎಮೆಲಿಂಡಾ 2005ರಲ್ಲಿ ಹೋದ ಮೇಲೆ ಮಾತಿಗೆ ಸರಿಸಮ ಯಾರೂ ಉಳಿದಿರಲಿಲ್ಲ. ಮೊಮ್ಮಗಳ ಜೊತೆ ಕೂತು ಕಥೆಗಳನ್ನೂ ಪದಗಳನ್ನೂ ಬರೆಸಿಟ್ಟರು. ಜನಾಂಗ ಇವತ್ತಿಗೂ ಇದೆ. ಸುದ್ದಿ ಓದಿದ ದಿನವೇ ಮೇಷ್ಟ್ರಿಗೆ ಫೋನ್ ಮಾಡಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಯಾವ ಬೆಂಚಿನವರು?" ಎಂದು ಕೇಳಿದರು.

ಈಗಿನ ಮಕ್ಕಳಿಗೆ ಸ್ಮಾರ್ಟ್ ಬೋರ್ಡ್ ಇದೆ, ನಮಗಿಂತ ಜಾಸ್ತಿ ಸಂಗತಿ ಗೊತ್ತಿದೆ. ಸಂತೋಷವೇ. ಆದರೆ ಸುಮ್ನೆ ಒಂದು ವಾರ ಸಿಲೆಬಸ್ ಬಿಟ್ಟು ಪಾಠ ಮಾಡುವ ಬಿಡುವು ಯಾವ ಮೇಷ್ಟ್ರಿಗೂ ಇಲ್ಲ. ಮನೆಮಾತು ಆಡಿದರೆ ದಂಡ ಹಾಕುವ ಶಾಲೆಗಳೂ ಇವೆಯಂತೆ, ಕೇಳಿದರೆ ಹೊಟ್ಟೆ ಉರಿಯುತ್ತದೆ. ಬ್ಯಾಂಕಿನ ಕೆಲಸದ ನಡುವೆಯೂ ನಾನು ನಮ್ಮ ಕುಂದಾಪುರ ಕನ್ನಡದ ಪದಗಳನ್ನು ವರ್ಷಗಟ್ಟಲೆ ಬರೆದಿಟ್ಟಿದ್ದೇನೆ. ಈಗ ಕಾಲೇಜು ಹುಡುಗರು ಪದ ಕೇಳಿಕೊಂಡು ಮನೆಗೆ ಬರುತ್ತಾರೆ. ಇದು ನನ್ನ ಹೆಮ್ಮೆ. ಕಲಿಸಿದವರು ಮೇಷ್ಟ್ರು.

ನಮ್ಮ ಬ್ಯಾಚಿನವರು ಸೇರಿ ಮೇಷ್ಟ್ರ ಹೆಸರಲ್ಲಿ ಪ್ರತಿವರ್ಷ ಒಂದು ಬಹುಮಾನ ಇಟ್ಟಿದ್ದೇವೆ. ಅಜ್ಜ ಅಜ್ಜಿಯರಿಂದ ಕೇಳಿದ ಮನೆಮಾತಿನ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಡಿಸೆಂಬರ್ ಒಳಗೆ ಹೆಡ್‌ಮಾಸ್ಟರ ಕೋಣೆಗೆ ಕೊಡಿ. ತುಳು, ಕೊಂಕಣಿ, ಬ್ಯಾರಿ, ಕೊರಗ, ಯಾವುದಾದರೂ ಆಗಬಹುದು. ಪದ ಯಾರಿಂದ ಕೇಳಿದ್ದು, ಅವರು ಯಾವ ಊರಿನವರು ಎಂಬುದನ್ನು ಪಕ್ಕದಲ್ಲಿ ಬರೆದಿರಲೇಬೇಕು.