ಬಾನೆಟ್ ಹೇಳಿದ್ದೊಂದು, ಬೋಲ್ಟು ಹೇಳಿದ್ದೊಂದು

ನಮ್ಮ ಮಾವ ಒಂದು ಹಳೇ ಟ್ರ್ಯಾಕ್ಟರ್ ಕೊಂಡರು. ಮಾರಿದವರು "ಪೂರ್ತಿ ಒರಿಜಿನಲ್ ಫರ್ಗ್ಯುಸನ್" ಅಂತ ಹೇಳಿ ಕೊಟ್ಟಿದ್ದರಂತೆ. ಆಮೇಲೆ ನೋಡಿದವರೆಲ್ಲ ಒಂದೊಂದು ಹೆಸರು ಹೇಳೋಕೆ ಶುರು ಮಾಡಿದರು. ಕೆಂಪು ಬಣ್ಣ ನೋಡಿ ಒಬ್ಬರು ಮ್ಯಾಸಿ ಅಂದರು, ಮುಂದಿನ ಚಕ್ರ ನೋಡಿ ಇನ್ನೊಬ್ಬರು ಫೋರ್ಡ್‌ಸನ್ ಅಂದರು, ಇಂಜಿನ್ ಸದ್ದು ಕೇಳಿದ ಮೂರನೆಯವರು ಇದು ಟ್ರ್ಯಾಕ್ಟರ್ ಇಂಜಿನ್ನೇ ಅಲ್ಲ ಅಂದುಬಿಟ್ಟರು. ಮಾವನಿಗೆ ತಲೆ ಕೆಟ್ಟಿತ್ತು. "ನೀನೇ ಬಂದು ನೋಡಿ ಒಂದು ಹೆಸರು ಹೇಳಪ್ಪಾ, ಸಾಕು" ಅಂತ ಕರೆದರು.

ಹಳೇ ಟ್ರ್ಯಾಕ್ಟರ್ ನೋಡುವಾಗ ನಾನು ಇಟ್ಟುಕೊಂಡಿರೋ ಲೆಕ್ಕ ಸುಲಭದ್ದು. ಯಾವ ಭಾಗವನ್ನು ಬಿಚ್ಚಿ ಬದಲಾಯಿಸೋದು ಸುಲಭವೋ ಅದರ ಮಾತನ್ನು ಕಡಿಮೆ ನಂಬಬೇಕು. ಬಣ್ಣ, ಹೆಸರಿನ ಬಿಲ್ಲೆ, ಸೀಟು, ಮಡ್‌ಗಾರ್ಡು, ದೀಪ, ಇವೆಲ್ಲ ಅರ್ಧ ದಿನದ ಕೆಲಸ. ಗೇರ್ ಬಾಕ್ಸಿನ ಎರಕದ ಮೈ ಹಾಗಲ್ಲ. ಅದನ್ನು ಬದಲಾಯಿಸಬೇಕು ಅಂದರೆ ಇಡೀ ಗಾಡಿಯನ್ನೇ ಎರಡು ತುಂಡು ಮಾಡಬೇಕು. ಹಾಗಾಗಿ ಬಾನೆಟ್ ಮೇಲಿದ್ದ ಹೆಸರನ್ನು ಬಿಟ್ಟು, ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ, ವೈರ್ ಬ್ರಷ್, ಒಂದು ಟಾರ್ಚ್ ಹಿಡಿದು ನೇರವಾಗಿ ಕೆಳಗೆ ನುಗ್ಗಿದೆ.

ಗೇರ್ ಬಾಕ್ಸಿನಿಂದ ಶುರು ಮಾಡಿದ್ದು ಒಳ್ಳೇದೇ ಆಯಿತು. ಗೇರ್ ಲಿವರ್ ಬುಡದಲ್ಲಿ ಗ್ರೀಸು, ಮಣ್ಣು ಸೇರಿ ಕಲ್ಲಿನಂತಾಗಿತ್ತು. ಅದನ್ನು ಕೆರೆದರೆ ಗೇರ್ ನಂಬರುಗಳ ಜೊತೆಗೆ 'ಎಸ್' ಅನ್ನೋ ಅಕ್ಷರ ಕಾಣಿಸಿತು. ಫರ್ಗ್ಯುಸನ್ ಟಿಇ20 ಬಗ್ಗೆ ಗೊತ್ತಿದ್ದವರಿಗೆ ಇಷ್ಟು ಸಾಕು. ಆ ಗಾಡಿಯಲ್ಲಿ ಸ್ಟಾರ್ಟ್ ಮಾಡೋಕೆ ಬೇರೆ ಬಟನ್ ಇರಲಿಲ್ಲ, ಗೇರ್ ಲಿವರನ್ನೇ ಆ 'ಎಸ್' ಜಾಗಕ್ಕೆ ತಳ್ಳಿದರೆ ಸ್ಟಾರ್ಟರ್ ತಿರುಗುತ್ತಿತ್ತು. ಗೇರಿನಲ್ಲಿ ಇರುವಾಗ ಗಾಡಿ ಸ್ಟಾರ್ಟ್ ಆಗಿ ಯಾರ ಮೇಲೋ ಹೋಗೋ ಮಾತೇ ಇಲ್ಲ. ಎಷ್ಟು ಚೆನ್ನಾದ ಉಪಾಯ ಅಲ್ವಾ? ನಮ್ಮ ಗಾಡಿಯಲ್ಲಿ ಯಾರೋ ಪಕ್ಕದಲ್ಲಿ ಬಟನ್ ಕೂರಿಸಿದ್ದರು. ಲಿವರ್ ಮಾತ್ರ ಈಗಲೂ 'ಎಸ್' ಕಡೆ ಹೋಗುತ್ತೆ, ಹೋಗಿ ಏನೂ ಮಾಡದೆ ವಾಪಸ್ ಬರುತ್ತೆ. ಮುಂದಕ್ಕೆ ನಾಲ್ಕು ಗೇರು, ಹಿಂದಕ್ಕೆ ಒಂದು. ಆ ಕಾಲದ ಫೋರ್ಡ್ 9ಎನ್ ಬಾನೆಟ್ಟು ನೋಡೋಕೆ ಹೆಚ್ಚುಕಮ್ಮಿ ಹೀಗೇ ಇರುತ್ತೆ, ಆದರೆ ಅದರಲ್ಲಿ ಮುಂದಿನ ಗೇರು ಮೂರೇ. ನಡುಭಾಗ ಟಿಇ20 ಅನ್ನೋದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಟಿಇ20 ಅಂದರೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಗಾಡಿ. 5 ಲಕ್ಷಕ್ಕೂ ಜಾಸ್ತಿ ಮಾಡಿದ್ದಾರೆ. ಅಷ್ಟು ಇದ್ದಿದ್ದರಿಂದಲೇ ಜಗತ್ತಿನ ಎಲ್ಲೆಲ್ಲೋ ಇದರ ಭಾಗಗಳು ಸಿಗುತ್ತವೆ, ಎಲ್ಲೆಲ್ಲೋ ಇದಕ್ಕೆ ಬೇರೆ ಭಾಗಗಳು ಸೇರಿಕೊಂಡಿವೆ. ಕಾರ್ಖಾನೆಯಿಂದ ಬಂದಾಗ ಪೂರ್ತಿ ಬೂದು ಬಣ್ಣ. ಕೆಂಪು ಬಂದಿದ್ದು ಆಮೇಲೆ, ಮ್ಯಾಸಿ ಹ್ಯಾರಿಸ್ ಜೊತೆ ಕಂಪನಿ ಸೇರಿ, 1957ರಲ್ಲಿ ಮ್ಯಾಸಿ ಫರ್ಗ್ಯುಸನ್ 35 ಬಂದ ಕಾಲಕ್ಕೆ. ಹಾಗಾಗಿ ಮಾವನ ಗಾಡಿಯ ಕೆಂಪು ಯಾರೋ ಆಸೆಪಟ್ಟು ಹೊಡೆಸಿದ್ದು. ಗೇರ್ ಬಾಕ್ಸ್ ಸಂದಿಯಲ್ಲಿ ಬ್ಲೇಡ್‌ನಿಂದ ಕೆರೆದಾಗ ಕೆಂಪಿನ ಕೆಳಗೆ ಬೂದು ಸಿಕ್ಕಿತು. ಮುಂದಿನ ಚಕ್ರದ ಒಳಮೈ ಕೆರೆದರೆ ಸಿಕ್ಕಿದ್ದು ಕಿತ್ತಳೆ. ನೀಲಿ ಮೈಗೆ ಕಿತ್ತಳೆ ಚಕ್ರ ಹಾಕುತ್ತಿದ್ದದ್ದು ಫೋರ್ಡ್‌ಸನ್‌ನವರು. ಜೊತೆಗೆ ಟಿಇ20ರ ಮುಂದಿನ ಚಕ್ರ ಸಣಕಲು, 19 ಇಂಚಿನದು. ಇಲ್ಲಿ ಟಯರ್ ಮೇಲೆ 16 ಅಂತ ಇತ್ತು. ಫೋರ್ಡ್‌ಸನ್ ಅಂದವರು ಸುಮ್ನೆ ಅಂದಿರಲಿಲ್ಲ, ಅವರು ನೋಡಿದ ಜಾಗಕ್ಕೆ ಅದು ಸರಿಯೇ.

ಇನ್ನು ಇಂಜಿನ್. ನನಗೆ ಜಾಸ್ತಿ ಹೊತ್ತು ಹಿಡಿದಿದ್ದೂ, ಜಾಸ್ತಿ ಖುಷಿ ಕೊಟ್ಟಿದ್ದೂ ಇದೇ. ಪಂಪಿನಿಂದ ಹೊರಟ ಇಂಜೆಕ್ಟರ್ ಪೈಪುಗಳನ್ನು ಎಣಿಸಿದೆ, ಸಿಲಿಂಡರಿಗೆ ಒಂದೊಂದು ಇರುತ್ತೆ. ಮೂರು. ಟಿಇ20ರಲ್ಲಿ ಡೀಸೆಲ್ ಮಾಡೆಲ್ ಇತ್ತು, ಅದನ್ನು ಟಿಇಎಫ್20 ಅಂತಿದ್ದರು, ಆದರೆ ಅದು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರ್ ಇಂಜಿನ್. ಇಲ್ಲಿ ಕೂತಿದ್ದದ್ದು ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರ್ ಡೀಸೆಲ್ ಇಂಜಿನ್, ಪಿ3. ಇದನ್ನು ಫರ್ಗ್ಯುಸನ್‌ಗೆ ಕೂರಿಸೋಕೆ ಪರ್ಕಿನ್ಸ್‌ನವರೇ ಒಂದು ಕಾಲದಲ್ಲಿ ಕಿಟ್ ಮಾರುತ್ತಿದ್ದರು, ಹಾಗಾಗಿ ಇದೂ ಅಂಥ ಕಿಟ್ಟೇ ಇರಬಹುದಾ ಅಂತ ನೋಡಿದೆ. ಅಲ್ಲ. ಇಂಜಿನ್ ಮತ್ತು ಕ್ಲಚ್ ಹೌಸಿಂಗ್ ನಡುವಿನ ದಪ್ಪ ಪ್ಲೇಟಿನ ಅಂಚು ಗ್ಯಾಸ್ ಕಟ್ಟರ್‌ನಲ್ಲಿ ಕತ್ತರಿಸಿದ್ದು, ಎರಡು ತೂತುಗಳನ್ನು ಅರ ಹಾಕಿ ಉದ್ದ ಮಾಡಿದ್ದರು. ಕಂಪನಿ ಮಾಲು ಹಾಗಿರಲ್ಲ.

ಆಮೇಲೆ ಕೆಳಗೆ ಮಲಗಿ ನೋಡಿದಾಗ ಎಲ್ಲಾ ಗೊತ್ತಾಯಿತು. ಇಂಜಿನ್ನಿನ ಆಯಿಲ್ ಸಂಪ್, ಅಂದರೆ ತಳದಲ್ಲಿ ಆಯಿಲ್ ನಿಲ್ಲೋ ತೊಟ್ಟಿ, ತೆಳು ತಗಡಿನದು. ಫರ್ಗ್ಯುಸನ್‌ನಂಥ ಗಾಡಿಗೆ ಚಾಸಿ ಅನ್ನೋದೇ ಇಲ್ಲ, ಇಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಗಾಡಿಯ ಬೆನ್ನುಮೂಳೆ ಆಗಿರುತ್ತವೆ, ಮುಂದಿನ ಆಕ್ಸಲ್‌ನ ಭಾರ ಇಂಜಿನ್ ಮೂಲಕವೇ ಹಿಂದಕ್ಕೆ ಬರಬೇಕು. ತಗಡಿನ ಸಂಪ್ ಇರೋ ಇಂಜಿನ್ ಆ ಕೆಲಸಕ್ಕೆ ಹುಟ್ಟಿದ್ದಲ್ಲ. ಅದರ ಎರಡೂ ಪಕ್ಕದಲ್ಲಿ ಖಾಲಿ ಬೋಲ್ಟ್ ತೂತುಗಳಿದ್ದವು, ಮೊದಲು ಬೇರೆಲ್ಲೋ ರಬ್ಬರ್ ಮೌಂಟಿಂಗ್ ಮೇಲೆ ಕೂತಿದ್ದ ಗುರುತು. ಪಿ3 ಇಂಜಿನ್ನುಗಳು ವ್ಯಾನುಗಳಲ್ಲೂ, ಒಂದೇ ಕಡೆ ನಿಂತು ಕೆಲಸ ಮಾಡೋ ಯಂತ್ರಗಳಲ್ಲೂ ಇದ್ದವು. ಇದು ಅಂಥದ್ದರಿಂದ ಬಂದಿದ್ದು. ಗಾಡಿ ಕಟ್ಟಿದವನಿಗೂ ಈ ವಿಷಯ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಮುಂದಿನ ಆಕ್ಸಲ್‌ನಿಂದ ಕ್ಲಚ್ ಹೌಸಿಂಗ್‌ವರೆಗೆ ಎರಡೂ ಕಡೆ ದಪ್ಪ ಕಬ್ಬಿಣದ ಚಾನಲ್ ಪಟ್ಟಿ ಕೊಟ್ಟು, ಭಾರ ಇಂಜಿನ್ ಮೇಲೆ ಬೀಳದ ಹಾಗೆ ಮಾಡಿದ್ದ. ವೆಲ್ಡಿಂಗ್ ನೋಡೋಕೆ ಒರಟು, ಆದರೆ ಎಲ್ಲೂ ಬಿರುಕು ಬಿಟ್ಟಿಲ್ಲ. ಇಂಜಿನ್ ಎತ್ತರ ಆಗಿದ್ದಕ್ಕೆ ಬಾನೆಟ್ ಕೆಳಗೆ ಪಟ್ಟಿ ಕೊಟ್ಟು ಮೇಲೆತ್ತಿದ್ದ. ಆ ಮನುಷ್ಯನ ಕೈ ಕುಲುಕಬೇಕು ಅನ್ನಿಸಿತು.

ಮಾವ ಅಷ್ಟೊತ್ತೂ ಡ್ಯಾಶ್‌ಬೋರ್ಡ್ ಮೇಲಿನ, ಕಂಪನಿಯ ಸೀರಿಯಲ್ ನಂಬರ್ ಇರೋ ಪ್ಲೇಟನ್ನೇ ತೋರಿಸುತ್ತಿದ್ದರು. "ಇಷ್ಟು ಸ್ಪಷ್ಟವಾಗಿ ಬರೆದಿದೆಯಲ್ಲೋ, ನೀನು ಯಾಕೆ ಕೆಸರಲ್ಲಿ ಹುಡುಕ್ತೀಯಾ?" ನಂಬರು ಟಿಇಡಿ ಅಂತ ಶುರುವಾಗಿತ್ತು. ಟಿಇಎ ಅಂದರೆ ಪೆಟ್ರೋಲು, ಟಿಇಡಿ ಅಂದರೆ ಸೀಮೆಎಣ್ಣೆಯಂಥ ಎಣ್ಣೆಯಲ್ಲಿ ಓಡೋದು, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಎಣ್ಣೆಗೆ ತಿರುಗಿಸಬೇಕು. ಆದರೆ ಪ್ಲೇಟನ್ನು ಹಿಡಿದಿದ್ದ ಸ್ಕ್ರೂಗಳು ಹೊಸವು. ಬೇರೆ ಗಾಡಿಯದ್ದು ತಂದು ಹಾಕಿರಬಹುದು. ಹಾಗಾಗಿ ಬಾನೆಟ್ ಎತ್ತಿ ಟ್ಯಾಂಕ್ ನೋಡಿದೆ. ಒಂದೇ ಟ್ಯಾಂಕು, ಒಳಗೆ ಎರಡು ಭಾಗ, ಎರಡು ಮುಚ್ಚಳ. ಸಣ್ಣ ಭಾಗ ಪೆಟ್ರೋಲಿಗೆ, ದೊಡ್ಡದು ಎಣ್ಣೆಗೆ. ಈಗ ದೊಡ್ಡದರಲ್ಲಿ ಡೀಸೆಲ್, ಚಿಕ್ಕದರಲ್ಲಿ ಜೇಡರ ಬಲೆ. ಪ್ಲೇಟಿನ ಮಾತಿಗೆ ಟ್ಯಾಂಕ್ ಸಾಕ್ಷಿ ಹೇಳಿದ ಮೇಲೆ ನಾನೂ ಒಪ್ಪಿಕೊಂಡೆ. ಇಂಜಿನ್ ಬದಲಾಯಿಸಿದ್ದು ಯಾಕೆ ಅನ್ನೋದಕ್ಕೂ ಇದರಲ್ಲೇ ಉತ್ತರ ಇದೆ. ಎರಡೆರಡು ಇಂಧನ ತುಂಬಿಸೋ ರಗಳೆ ಯಾರಿಗೆ ಬೇಕು, ಕೈಗೆ ಸಿಕ್ಕ ಒಂದು ಡೀಸೆಲ್ ಇಂಜಿನ್ ಇದ್ದರೆ?

"ಹಾಗಾದ್ರೆ ನನಗೆ ಮೋಸ ಆಯ್ತು ಅನ್ನು" ಅಂದರು ಮಾವ.

"ಒರಿಜಿನಲ್ ಅಂತ ಹೇಳಿದ್ದು ಸುಳ್ಳು ಮಾವ. ಆದರೆ ಗಾಡಿ ನಕಲಿ ಅಲ್ಲ."

ಅವರಿಗೆ ಅರ್ಧ ಸಮಾಧಾನ. ಸ್ಟ್ಯಾಂಡರ್ಡ್ ಕಂಪನಿಯ ಇಂಜಿನ್ ಹುಡುಕಿ, ಚಾನಲ್ ಕಿತ್ತು, ಬೂದು ಬಣ್ಣ ಹೊಡೆಸಿದರೆ ಹೇಗೆ ಅಂತ ಕೇಳಿದರು. ಬೇಡ ಅಂದೆ. ಬೂದು ಬಣ್ಣದ ಟಿಇ20 ಬೇಕಾದಷ್ಟು ಇವೆ, ಹೀಗೆ ಕಟ್ಟಿದ್ದು ನಾನು ಬೇರೆ ಕಂಡಿಲ್ಲ. ಬೇಕಿದ್ದರೆ ಆ ಕೆಂಪು ತೆಗೆಸಿ, ಅದು ನನಗೂ ಕಣ್ಣಿಗೆ ಚುಚ್ಚುತ್ತೆ. ಇಂಜಿನ್ ಹಿಂದಿನ ಆ ದಪ್ಪ ಪ್ಲೇಟಿನ ಅಂಚು ಮತ್ತು ಚಾನಲ್‌ನ ಬೋಲ್ಟುಗಳನ್ನು ಮಾತ್ರ ಆಗಾಗ ನೋಡ್ತಿರಿ ಅಂತಲೂ ಹೇಳಿದೆ, ಸಡಿಲ ಆದರೆ ಕ್ಲಚ್ ಶಾಫ್ಟ್ ಓರೆಯಾಗಿ ಬೇರಿಂಗ್ ಹೋಗುತ್ತೆ.

ಕೊನೆಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಗೇರ್ ಬಾಕ್ಸ್, ಟ್ಯಾಂಕು ಫರ್ಗ್ಯುಸನ್ ಟಿಇಡಿ20, ಇಂಜಿನ್ ಪರ್ಕಿನ್ಸ್ ಪಿ3, ಮುಂದಿನ ಚಕ್ರ ಫೋರ್ಡ್‌ಸನ್, ಚಾನಲ್ ಮತ್ತು ಪ್ಲೇಟು ಕೈಯಲ್ಲಿ ಮಾಡಿದ್ದು. ಮಾವ ಅದನ್ನು ಓದಿ, ಪೆನ್ನು ಇಸ್ಕೊಂಡು, ಮೇಲೆ ದೊಡ್ಡದಾಗಿ 'ಫರ್ಗ್ಯುಸನ್' ಅಂತ ಬರೆದರು. "ಯಾರಾದ್ರೂ ಕೇಳಿದ್ರೆ ಇಷ್ಟುದ್ದ ಹೇಳೋಕಾಗುತ್ತೇನೋ?"