ವೈದ್ಯರ ಚೀಟಿಯಲ್ಲಿ ಇನ್ನೊಂದು ಸಾಲು ಬೇಕು

ಆಸ್ತಮಾ, ಮಧುಮೇಹ, ಅಪಸ್ಮಾರ ಅಥವಾ ಹೃದಯದ ತೊಂದರೆ ಇರುವ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ತರಗತಿಗೆ ತರುವ ವೈದ್ಯರ ಚೀಟಿಯಲ್ಲಿ ಹೆಚ್ಚಾಗಿ ಇರುವುದು ಒಂದೇ ಸಾಲು: ವ್ಯಾಯಾಮದಿಂದ ವಿನಾಯಿತಿ ನೀಡುವುದು. ಶಿಕ್ಷಕನಾಗಿ ನಾನೂ ಬಹಳ ವರ್ಷ ಆ ಚೀಟಿಯನ್ನು ಕಡತಕ್ಕೆ ಸೇರಿಸಿ, ಅವರನ್ನು ಮೈದಾನದಂಚಿನ ಬೆಂಚಿನಲ್ಲಿ ಕೂರಿಸಿ, ಹಾಜರಿ ಹಾಕಿ ಸುಮ್ಮನಾಗಿದ್ದೇನೆ. ಅದು ತಪ್ಪೆಂದು ಈಗ ನನಗೆ ಖಚಿತವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ದೀರ್ಘಕಾಲದ ಕಾಯಿಲೆ ಇರುವ ವಯಸ್ಕರಿಗೂ, ಅವರ ದೇಹಸ್ಥಿತಿ ಅನುಮತಿಸಿದರೆ, ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಸೂಚಿಸುತ್ತದೆ.

ನನ್ನ ಕಣ್ಣು ತೆರೆಸಿದವಳು ಆಸ್ತಮಾ ಇದ್ದ ಒಬ್ಬ ವಿದ್ಯಾರ್ಥಿನಿ. ವಿನಾಯಿತಿ ಬೇಡವೆಂದು ಹಟ ಹಿಡಿದು ಎಲ್ಲರೊಂದಿಗೆ ಓಡಲು ಹೊರಟವಳು ಎರಡನೇ ಸುತ್ತಿನಲ್ಲಿ ನಿಂತು, ಮೊಣಕಾಲಿಗೆ ಕೈಯೂರಿ ಬಾಗಿ, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಳು; ಇನ್ಹೇಲರ್ ಕೊಠಡಿಯಲ್ಲಿಟ್ಟ ಚೀಲದಲ್ಲೇ ಉಳಿದಿತ್ತು. ತಣ್ಣನೆಯ ಒಣಗಾಳಿಯನ್ನು ಬಾಯಿಂದ ರಭಸವಾಗಿ ಎಳೆದುಕೊಂಡಾಗ ಶ್ವಾಸನಾಳದ ಒಳಪದರದ ತೇವ ಆರಿ ನಾಳ ಬಿಗಿಯುತ್ತದೆ ಎಂಬುದನ್ನು ಓದಿದ್ದೆನೇ ಹೊರತು ಅದಕ್ಕೆ ತಕ್ಕಂತೆ ಪಾಠವನ್ನು ಬದಲಿಸಿರಲಿಲ್ಲ. ಆಕೆಯ ವೈದ್ಯರನ್ನು ಕೇಳಿದ ಮೇಲೆ ಕ್ರಮ ಬದಲಾಯಿತು: ಆರಂಭಕ್ಕೆ ಹದಿನೈದು ನಿಮಿಷ ಮೊದಲು ಇನ್ಹೇಲರ್, ನಂತರ ನಿಧಾನವಾಗಿ ಏರುವ ಹತ್ತು ನಿಮಿಷಗಳ ವಾರ್ಮ್‌ಅಪ್, ಆಮೇಲೆ ನಡುನಡುವೆ ವಿರಾಮವಿರುವ ಚಿಕ್ಕ ಓಟಗಳು, ಇನ್ಹೇಲರ್ ಸದಾ ಜೇಬಿನಲ್ಲಿ. ಮಾತನಾಡಲು ಆಗಬೇಕು, ಆದರೆ ಹಾಡುವಷ್ಟು ಉಸಿರು ಉಳಿಯಬಾರದು. ಶ್ರಮ ಮಧ್ಯಮ ಮಟ್ಟದಲ್ಲಿದೆ ಎಂಬುದಕ್ಕೆ ಅದೇ ಗುರುತು. ಹೃದಯದ ತೊಂದರೆಗೆ ಬೀಟಾ ಬ್ಲಾಕರ್ ಎಂಬ ಮಾತ್ರೆ ನುಂಗುವವರಿಗೂ ಈ ಗುರುತೇ ಮೇಲು, ಏಕೆಂದರೆ ಆ ಮಾತ್ರೆ ನಾಡಿಬಡಿತವನ್ನು ತಗ್ಗಿಸುವುದರಿಂದ ಬಡಿತದ ಎಣಿಕೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರು ತರಗತಿಗೆ ಮೊದಲು ಸಕ್ಕರೆ ಮಟ್ಟ ನೋಡಿಕೊಳ್ಳಬೇಕು, ಗ್ಲೂಕೋಸ್ ಕೈಗೆಟಕುವಂತಿರಬೇಕು; ವ್ಯಾಯಾಮ ಮುಗಿದು ಹಲವು ಗಂಟೆಗಳಾದ ಮೇಲೂ, ನಿದ್ದೆಯಲ್ಲಿಯೂ, ಸಕ್ಕರೆ ಕುಸಿಯಬಹುದೆಂದು ಅವರಿಗೆ ತಿಳಿಸಿರಬೇಕು. ಅಪಸ್ಮಾರವಿದ್ದರೆ ಒಂಟಿಯಾಗಿ ಈಜುವುದು, ಎತ್ತರಕ್ಕೆ ಹತ್ತುವುದು ಬೇಡ. ಉಳಿದ ಬಹುತೇಕ ಆಟಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಅಂಕಗಳ ವಿಷಯ ಇನ್ನೂ ಕಷ್ಟದ್ದು. ಎಲ್ಲರಿಗೂ ಒಂದೇ ಗಡಿಯಾರ ಹಿಡಿದರೆ ಈ ವಿದ್ಯಾರ್ಥಿಗಳ ಶ್ರಮ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ, ಅವರವರ ಮೊದಲ ವಾರದ ದಾಖಲೆಯೊಂದಿಗೆ ಕೊನೆಯ ವಾರದ ದಾಖಲೆಯನ್ನು ಹೋಲಿಸುವುದೇ ನ್ಯಾಯವೆಂದು ನಾನು ವಾದಿಸುತ್ತಾ ಬಂದಿದ್ದೇನೆ. ವೈದ್ಯರಿಗೆ ಕಳುಹಿಸುವ ನಮೂನೆಯಲ್ಲಿ ‘ಏನು ಮಾಡಬಾರದು’ ಎಂಬುದರ ಕೆಳಗೆ ‘ಏನು ಮಾಡಬಹುದು’ ಎಂಬ ಸಾಲನ್ನೂ ಸೇರಿಸಿದ್ದೇನೆ. ಆ ಸಾಲು ಖಾಲಿಯಾಗಿ ಮರಳಿದರೆ ನಮೂನೆಯನ್ನು ಮತ್ತೆ ಕಳುಹಿಸುತ್ತೇನೆ.